ಪಿಎಚ್‌ಡಿ ಇಲ್ಲ, ಗೈಡ್ ಇಲ್ಲ, ಟೂಲ್ ಮಾತ್ರ ಇದೆ. ಪಾಪಲ್, ಊಪ್ಸ್ಲಾ ಥರದ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಕಾನ್ಫರೆನ್ಸ್‌ಗಳಿಗೆ ರಿಸರ್ಚ್ ಪೇಪರ್ ಕಳಿಸ್ಬೋದಾ?

ಚಾನೆಲ್_ಚಂದ್ರು

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಾನು ಬೆಳ್ಳಂದೂರ್ ಕಡೆ ಒಂದು ಕಂಪನೀಲಿ ಬ್ಯಾಕೆಂಡ್ ಟೀಮಲ್ಲಿದೀನಿ, ಕೆಲ್ಸ ಎಲ್ಲಾ ಗೋ ಲ್ಯಾಂಗ್ವೇಜಲ್ಲೇ. ಓದಿದ್ದು ಬಿಇ ಅಷ್ಟೆ. ನಮ್ ಸರ್ವೀಸ್‌ಗಳಲ್ಲಿ ಗೊರೂಟೀನ್ (ಗೋನಲ್ಲಿ ಒಂದೇ ಹೊತ್ತಿಗೆ ಪಕ್ಕಪಕ್ಕದಲ್ಲಿ ಓಡೋ ಪುಟ್ಟ ಕೆಲ್ಸಗಳು) ಲೀಕ್ ಕಾಟ ವಿಪರೀತ. ಅಂದ್ರೆ ಒಂದು ಗೊರೂಟೀನು ರಿಸಲ್ಟ್‌ನ ಚಾನೆಲ್‌ಗೆ (ಗೊರೂಟೀನ್‌ಗಳು ಡೇಟಾ ಕೊಟ್ಟು ತಗೊಳ್ಳೋ ಕೊಳವೆ) ಹಾಕೋಕೆ ಅಂತ ಕಾಯ್ತಾ ನಿಂತಿರತ್ತೆ, ಆ ಕಡೆ ಈಸ್ಕೋಬೇಕಾದವನು ಟೈಮೌಟ್ ಆಗಿ ಫಂಕ್ಷನ್ನಿಂದ ಯಾವಾಗ್ಲೋ ಎದ್ದೋಗಿರ್ತಾನೆ, ಬಫರ್ (ಈಸ್ಕೊಳ್ಳೋರು ಬರೋವರ್ಗೂ ಡೇಟಾ ಇಟ್ಕೊಳ್ಳೋ ಜಾಗ) ಇಲ್ಲದ ಚಾನೆಲ್ ಆದ್ರೆ ಇದು ಪ್ರೋಸೆಸ್ ರೀಸ್ಟಾರ್ಟ್ ಆಗೋವರ್ಗೂ ಅಲ್ಲೇ ಬಿದ್ದಿರತ್ತೆ, ಬೇಡದ ಮೆಮೊರಿ ಗುಡಿಸೋ ಗಾರ್ಬೇಜ್ ಕಲೆಕ್ಟರೂ ಅದನ್ನ ಮುಟ್ಟಲ್ಲ. ಬಫರ್ ಸೈಜ್ 1 ಅಂತ ಕೊಟ್ರೆ ಎಷ್ಟೋ ಕಡೆ ಸರಿಹೋಗತ್ತೆ ಆದ್ರೆ ಎಲ್ಲಿ ಕೊಡ್ಬೇಕು ಅಂತ ಹುಡ್ಕೋದೇ ತಲೆನೋವು. ಅದಕ್ಕೆ ವೀಕೆಂಡಲ್ಲಿ ಕೂತು ಒಂದು ಸ್ಟ್ಯಾಟಿಕ್ ಅನಾಲಿಸಿಸ್ (ಪ್ರೋಗ್ರಾಂ ಓಡಿಸದೇ ಕೋಡ್ ನೋಡಿ ಬಗ್ ಹುಡ್ಕೋ) ಟೂಲ್ ಬರೆದಿದೀನಿ, ಎಸ್‌ಎಸ್‌ಎ ಫಾರ್ಮ್ (ಪ್ರತಿ ವೇರಿಯಬಲ್‌ಗೂ ಒಂದೇ ಸಲ ಬೆಲೆ ಕೊಡೋ ಹಾಗೆ ಬದಲಾಯಿಸಿದ ಕೋಡಿನ ರೂಪ) ಮೇಲೆ ಓಡತ್ತೆ, ಒಂದೊಂದು ಚಾನೆಲ್‌ಗೂ ಕಳಿಸೋರು ಯಾರು, ಈಸ್ಕೊಳ್ಳೋರು ಯಾರು, ಯಾವ ದಾರೀಲಿ ಒಬ್ಬ ಕೈ ಕೊಡ್ತಾನೆ ಅಂತ ನೋಡತ್ತೆ. ಗಿಟ್‌ಹಬ್‌ನಲ್ಲಿರೋ ಕೆಲವು ದೊಡ್ಡ ಪ್ರಾಜೆಕ್ಟ್‌ಗಳ ಮೇಲೆ ಓಡಿಸ್ದೆ, ನಿಜವಾದ ಬಗ್‌ಗಳೇ ಸಿಕ್ವು, ಪುಲ್ ರಿಕ್ವೆಸ್ಟ್ (ಈ ಬದಲಾವಣೆ ತಗೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ದು ಕೆಲವು ಮರ್ಜ್ ಕೂಡ ಆಗಿದಾವೆ, ಅಂದ್ರೆ ಅವ್ರು ಸೇರಿಸ್ಕೊಂಡಿದಾರೆ.

ಈಗ ಮ್ಯಾನೇಜರ್ರು "ಇದನ್ನ ಪೇಪರ್ ಮಾಡೋ ಮಾರಾಯ" ಅಂತ ಬೆನ್ನು ಹತ್ತಿದಾರೆ. ಪಾಪಲ್, ಪಿಎಲ್‌ಡಿಐ, ಊಪ್ಸ್ಲಾ, ಐಸಿಎಫ್‌ಪಿ ಅಂತ ಹೆಸರು ಕೇಳಿದೀನಿ, ಯಾವುದು ಯಾವುದಕ್ಕೆ ಅಂತ ತಲೆ ಬುಡ ಗೊತ್ತಾಗ್ತಿಲ್ಲ. ಹೆಸರಿನ ಪಕ್ಕ ಐಐಎಸ್ಸಿ ಐಐಟಿ ಏನೂ ಇಲ್ದೇ ಇದ್ರೆ ಮೊದ್ಲೇ ಎತ್ತಿ ಬಿಸಾಕ್ತಾರಾ? ದುಡ್ಡು ಎಷ್ಟಾಗತ್ತೆ? ಇನ್ನೊಂದು, ಈ ಟೂಲ್ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಹಾಕಿದ್ಮೇಲೆ "ಗೌರವಾನ್ವಿತ ಸಂಶೋಧಕರೇ, ನಮ್ಮ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ" ಅಂತ ದಿನಾ ಮೇಲ್ ಬರ್ತಿದೆ, ಒಂದು ವಾರದಲ್ಲಿ ಅಕ್ಸೆಪ್ಟ್ ಮಾಡ್ತೀವಿ ಅಂತಾರೆ, ಅದೆಲ್ಲಾ ಏನು?

---

ಲ್ಯಾಂಬ್ಡಾ_ಲಲಿತ

ಚಂದ್ರು ಅವ್ರೇ, ನಾನು ಇದೇ ಏರಿಯಾದಲ್ಲಿ ಪಿಎಚ್‌ಡಿ ಮುಗಿಸಿದವಳು, ಗೊತ್ತಿರೋದು ಹೇಳ್ತೀನಿ.

ಹೆಸರಿನ ಪಕ್ಕ ಏನಿದೆ ಅನ್ನೋ ಚಿಂತೆ ಬಿಡಿ. ನೀವು ಹೇಳಿದ ನಾಲ್ಕೂ ಕಡೆ ಡಬಲ್ ಬ್ಲೈಂಡ್ ರಿವ್ಯೂ, ನೀವು ಯಾರು ಅಂತ ರಿವ್ಯೂವರ್‌ಗೆ ಕಾಣಲ್ಲ, ಅವ್ರು ಯಾರು ಅಂತ ನಿಮಗೂ ಕಾಣಲ್ಲ. ಪಿಎಚ್‌ಡಿ ಇರ್ಲೇಬೇಕು ಅಂತ ಯಾವ ರೂಲೂ ಇಲ್ಲ. ಕಳಿಸೋಕೆ ಫೀಸೂ ಇಲ್ಲ.

ಯಾವ ಕಾನ್ಫರೆನ್ಸ್ ಅನ್ನೋದನ್ನ ಈಗ್ಲೇ ಯೋಚ್ನೆ ಮಾಡ್ಬೇಡಿ, ಮೊದ್ಲು ಒಂದು ಕಾಗದ ತಗೊಂಡು ನಿಮ್ಮ ಕ್ಲೇಮ್ ಏನು ಅಂತ ಒಂದೇ ವಾಕ್ಯದಲ್ಲಿ ಬರೀರಿ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ, ನನಗೆ ಕ್ಲೇಮ್ ಸಿಗ್ಲಿಲ್ಲ, ಟೂಲ್ ಸಿಕ್ತು. "ನಮ್ಮ ಟೂಲ್ ಈ ಥರದ ಲೀಕ್ ಒಂದನ್ನೂ ಬಿಡಲ್ಲ, ಇಗೋ ಪ್ರೂಫ್" ಅನ್ನೋದು ಒಂದು ಕ್ಲೇಮ್. "ಕೆಲವು ಬಿಡ್ತೀವಿ, ಆದ್ರೆ ಸುಳ್ಳು ಅಲಾರಂ ಕಮ್ಮಿ, ದೊಡ್ಡ ಕೋಡ್‌ಬೇಸ್ ಮೇಲೂ ಓಡತ್ತೆ" ಅನ್ನೋದು ಬೇರೇನೇ ಕ್ಲೇಮ್. ಮೊದಲನೇದಾದ್ರೆ ಪಾಪಲ್ ಕಡೆ ಮುಖ ಮಾಡಿ, ಅಲ್ಲಿ ಥಿಯರಿ ಜಾಸ್ತಿ, ಸೆಮ್ಯಾಂಟಿಕ್ಸ್ (ಪ್ರೋಗ್ರಾಂ ಅರ್ಥದ ಗಣಿತ ವಿವರಣೆ) ಬರೆದು ಸೌಂಡ್‌ನೆಸ್ ಥಿಯರಮ್ (ಟೂಲ್ ಒಂದನ್ನೂ ಬಿಡಲ್ಲ ಅನ್ನೋ ಪ್ರೂಫ್) ಕೊಡ್ಬೇಕು. ಗೋ ಚಾನೆಲ್‌ಗಳ ಬಗ್ಗೆನೇ 2017ರ ಪಾಪಲ್‌ನಲ್ಲಿ ಒಂದು ಪೇಪರ್ ಬಂದಿದೆ, ಬಿಹೇವಿಯರಲ್ ಟೈಪ್ಸ್ (ಯಾರು ಯಾವಾಗ ಕಳಿಸ್ತಾರೆ, ಈಸ್ಕೋತಾರೆ ಅಂತ ಹೇಳೋ ಟೈಪ್) ಇಟ್ಕೊಂಡು ಪ್ರೋಗ್ರಾಂ ಎಲ್ಲೂ ಸಿಕ್ಕಾಕ್ಕೊಳ್ಳಲ್ಲ ಅಂತ ತೋರಿಸೋದು, ಓದಿ ನೋಡಿ, ನಿಮ್ಮ ಟೂಲಿಗೂ ಅದಕ್ಕೂ ಎಷ್ಟು ದೂರ ಅಂತ ತಾನಾಗೇ ಗೊತ್ತಾಗತ್ತೆ. ಎರಡನೇದಾದ್ರೆ ಊಪ್ಸ್ಲಾ ಅಥವಾ ಪಿಎಲ್‌ಡಿಐ, ಇಲ್ಲಾ ಸಾಫ್ಟ್‌ವೇರ್ ಇಂಜಿನಿಯರಿಂಗ್ ಕಡೆಯ ಇಸ್ಟಾ, ಐಸಿಎಸ್‌ಇ. ಐಸಿಎಫ್‌ಪಿ ಫಂಕ್ಷನಲ್ ಪ್ರೋಗ್ರಾಮಿಂಗ್‌ನೋರದ್ದು, ನಿಮ್ಮ ವಿಷಯಕ್ಕೆ ಹೊಂದಲ್ಲ. ಎರಡೂ ಕ್ಲೇಮ್ ಅರ್ಧರ್ಧ ಸೇರಿಸಿ ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಬರೆದ್ರೆ ಎರಡೂ ಕಡೆ ರಿಜೆಕ್ಟ್, ಇದು ಮಾತ್ರ ಬರೆದಿಟ್ಕೊಳಿ.

ಸಂಬಂಧಪಟ್ಟ ಕೆಲ್ಸ ಹುಡುಕಿದೀರಾ? 2019ರ ಆಸ್ಪ್ಲಾಸ್ ಕಾನ್ಫರೆನ್ಸ್‌ನಲ್ಲಿ ಗೋ ಕನ್ಕರೆನ್ಸಿ (ಹಲವು ಕೆಲ್ಸ ಒಟ್ಟಿಗೆ ಓಡೋವಾಗಿನ) ಬಗ್‌ಗಳ ದೊಡ್ಡ ಸ್ಟಡಿ ಇದೆ, ಡಾಕರ್, ಕುಬರ್ನೆಟೀಸ್, ಇಟಿಸಿಡಿ ಹೀಗೆ ಗೋನಲ್ಲಿ ಬರೆದ ಆರು ಪ್ರಾಜೆಕ್ಟ್‌ಗಳಿಂದ 171 ಬಗ್ ತೆಗೆದು ಒಂದೊಂದನ್ನೂ ಬಿಚ್ಚಿ ನೋಡಿದಾರೆ. ಅದೇ ದಾರೀಲಿ 2021ರಲ್ಲಿ ಜಿಕ್ಯಾಚ್ ಅಂತ ಟೂಲೇ ಬಂತು, ಅದೂ ಸ್ಟ್ಯಾಟಿಕ್, ಅದೂ ಚಾನೆಲ್ ಮೇಲೇ. ಊಬರ್‌ನೋರು 2024ರ ಸಿಜಿಒ ಕಾನ್ಫರೆನ್ಸ್‌ನಲ್ಲಿ ಓಡ್ತಿರೋ ಸರ್ವೀಸ್‌ನ ಪ್ರೊಫೈಲ್ ಇಟ್ಕೊಂಡು ಲೀಕ್ ಹಿಡಿಯೋದರ ಬಗ್ಗೆ ಬರೆದಿದಾರೆ. ನಿಮ್ಮ ಪೇಪರ್ ಸಿಕ್ಕ ತಕ್ಷಣ ರಿವ್ಯೂವರ್ ಕೇಳೋ ಮೊದಲನೇ ಪ್ರಶ್ನೆ "ಜಿಕ್ಯಾಚ್‌ಗಿಂತ ಇದರಲ್ಲಿ ಹೊಸದೇನು" ಅಂತ. ಅದಕ್ಕೆ ಉತ್ತರ ಮೊದಲನೇ ಎರಡು ಪೇಜಲ್ಲಿ ಇರ್ಬೇಕು, ಕೊನೇಲಿ ಎಲ್ಲೋ ರಿಲೇಟೆಡ್ ವರ್ಕ್‌ನಲ್ಲಿ ಬಚ್ಚಿಟ್ರೆ ಆಗಲ್ಲ.

---

ಚಾಕ್‌ಪೀಸ್_ಮೇಷ್ಟ್ರು

ಆ ಮೇಲ್ ವಿಚಾರ ನನಗೆ ಬಿಡಿ, ಅದರಲ್ಲಿ ನಾವು ಪಳಗಿದೀವಿ.

ನಾನು ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡೋನು. ನಮ್ಮಲ್ಲಿ ಸ್ಕೋಪಸ್ (ಸಂಶೋಧನಾ ಪೇಪರ್‌ಗಳ ಪಟ್ಟಿ) ಇಂಡೆಕ್ಸ್ ಆದ ಪೇಪರ್ ಇಷ್ಟು ಅಂತ ಪ್ರತಿ ವರ್ಷ ಲೆಕ್ಕ ಒಪ್ಪಿಸ್ಬೇಕು, ಅದಕ್ಕೇ ಈ ಅಂಗಡಿಗಳು ತೆರ್ಕೊಂಡಿರೋದು. ಗುರುತು ಹಿಡಿಯೋದು ಸುಲಭ: ಸಾಫ್ಟ್‌ವೇರ್, ಸಿವಿಲ್, ಮ್ಯಾನೇಜ್‌ಮೆಂಟ್, ಆಯುರ್ವೇದ ಎಲ್ಲಾ ಒಂದೇ ಸಮ್ಮೇಳನದಲ್ಲಿ ಇರತ್ತೆ, ಪ್ರೋಗ್ರಾಂ ಕಮಿಟಿ ಅಂತ ಹೆಸರು ಹಾಕಿರ್ತಾರೆ ಆದ್ರೆ ಆ ಹೆಸರಿನವರ ಸ್ವಂತ ಪೇಜಲ್ಲಿ ಇದರ ಸುದ್ದೀನೇ ಇರಲ್ಲ, ರಿವ್ಯೂ ಅಂತ ಎರಡು ಸಾಲು ಬರತ್ತೆ, "ಗ್ರಾಮರ್ ಸರಿ ಮಾಡಿ, ಇನ್ನೂ ಐದು ರೆಫರೆನ್ಸ್ ಸೇರಿಸಿ", ಕೆಳಗಡೆ ದುಡ್ಡು ಕಟ್ಟೋ ಲಿಂಕು. ಸ್ಟಾರ್ ಹೋಟೆಲ್ಲಲ್ಲಿ ಊಟ ಮಾತ್ರ ಚೆನ್ನಾಗಿರತ್ತೆ, ಅದನ್ನ ಇಲ್ಲ ಅನ್ನಲ್ಲ.

ಹಂಗಂತ ನಮ್ಮ ದೇಶದಲ್ಲಿ ಒಳ್ಳೇದು ನಡೆಯೋದೇ ಇಲ್ಲ ಅಂತ ತಿಳ್ಕೋಬೇಡಿ. ಎಫ್‌ಎಸ್‌ಟಿಟಿಸಿಎಸ್ ಸಮ್ಮೇಳನ 1981ರಿಂದ ನಡ್ಕೊಂಡು ಬಂದಿದೆ, ಡಿಸೆಂಬರ್ ಬಂತು ಅಂದ್ರೆ ಅದೇ ಹಬ್ಬ, ಪ್ರೊಸೀಡಿಂಗ್ಸ್ ಯಾರು ಬೇಕಾದ್ರೂ ಬಿಟ್ಟಿ ಓದ್ಬೋದು, ಆದ್ರೆ ಅದು ಥಿಯರಿಯವರದ್ದು. ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್‌ನ ಏಷ್ಯಾ ಸಮ್ಮೇಳನ ಎಪ್ಲಾಸ್ 2008ರಲ್ಲಿ ನಮ್ಮ ಬೆಂಗಳೂರಲ್ಲೇ ಆಗಿತ್ತು, ಪ್ಯಾರಲಲ್ ಪ್ರೋಗ್ರಾಮಿಂಗ್‌ನೋರ ಪಿಪಿಒಪಿಪಿ 2010ರಲ್ಲಿ ಇಲ್ಲೇ ಆಯ್ತು, 2015ರಲ್ಲಿ ಪಾಪಲ್ ಮುಂಬೈಗೇ ಬಂದಿತ್ತು. ಈ ಊರಲ್ಲಿ ಪಿಎಲ್ (ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್) ಜನಕ್ಕೆ ಬರ ಇಲ್ಲ ಸ್ವಾಮಿ. ಐಐಎಸ್ಸಿಯ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್) ಡಿಪಾರ್ಟ್‌ಮೆಂಟಿನ ಸೆಮಿನಾರ್ ಲಿಸ್ಟ್ ಮೇಲೆ ಒಂದು ಕಣ್ಣಿಟ್ಟಿರಿ, ಪ್ರೋಗ್ರಾಂ ಅನಾಲಿಸಿಸ್ ಬಗ್ಗೆ ಟಾಕ್ ಇದ್ದ ದಿನ ರಜಾ ಹಾಕಿ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳಿ, ಮುಗಿದ್ಮೇಲೆ ಸ್ಪೀಕರ್ ಹತ್ರ ಹೋಗಿ ಐದು ನಿಮಿಷ ನಿಮ್ಮ ಟೂಲ್ ಬಗ್ಗೆ ಹೇಳಿ. ಬೆಳ್ಳಂದೂರಿಂದ ಬರೋದು ಒಂದು ಸಾಹಸಾನೇ, ಗೊತ್ತು.

---

ಗಿರಿನಗರ_ಗ್ಡಿಬಿ

ಗುರು, ಲಲಿತ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ, ಆದ್ರೆ ಅದಕ್ಕಿಂತ ಮುಂಚೆ ಇನ್ನೊಂದಿದೆ, ಕಂಪನಿ ಪರ್ಮಿಷನ್ನು. ವೀಕೆಂಡಲ್ಲಿ ಬರೆದೆ, ನನ್ನ ಲ್ಯಾಪ್‌ಟಾಪಲ್ಲಿ ಬರೆದೆ ಅಂದ್ರೂ ಆಫರ್ ಲೆಟರ್ ಜೊತೆ ಸೈನ್ ಹಾಕಿದ ಅಗ್ರಿಮೆಂಟ್ ತೆಗೆದು ಒಂದ್ಸಲ ಓದು, ಎಷ್ಟೋ ಕಡೆ ಕೆಲಸಕ್ಕೆ ಸಂಬಂಧಪಟ್ಟಿದ್ದು ನೀನು ಏನೇ ಮಾಡಿದ್ರೂ ಅದು ಕಂಪನಿದೇ ಅಂತ ಇರತ್ತೆ. ನಾನು ಮುಂಚೆ ಇದ್ದ ಒಂದು ಕಂಪನೀಲಿ ಲೀಗಲ್‌ನೋರು ನನ್ನ ಪೇಪರ್ ಡ್ರಾಫ್ಟ್ ಇಟ್ಕೊಂಡು ಕೂತ್ರು ಕೂತ್ರು, ಡೆಡ್‌ಲೈನ್ ಮುಗಿದು ಹೋದ್ಮೇಲೆ "ಅಪ್ರೂವ್ಡ್" ಅಂತ ಮೇಲ್ ಬಂತು, ನಗ್ಬೇಕೋ ಅಳ್ಬೇಕೋ. ಬೆನ್ನು ಹತ್ತಿರೋ ಆ ಮ್ಯಾನೇಜರ್ ಹತ್ರ ಮೊದ್ಲು ಅದನ್ನ ಮಾಡ್ಸು, ಬರೆಯೋದು ಆಮೇಲೆ. ಕಂಪನಿ ಒಳಗಿನ ಕೋಡ್‌ನಲ್ಲಿ ಸಿಕ್ಕ ಬಗ್‌ಗಳ ನಂಬರ್ ಪೇಪರಲ್ಲಿ ಹಾಕ್ಬೋದಾ ಅಂತಾನೂ ಆಗ್ಲೇ ಕೇಳ್ಕೋ.

ಇನ್ನು ಇವ್ಯಾಲ್ಯೂಯೇಷನ್. "ಕೆಲವು ದೊಡ್ಡ ಪ್ರಾಜೆಕ್ಟ್" ಅಂದ್ಯಲ್ಲ, ಯಾವುದು, ಯಾಕೆ ಅದೇ, ಬಗ್ ಸಿಕ್ಕಿದ್ದನ್ನ ಮಾತ್ರ ಇಟ್ಕೊಂಡು ಸಿಗ್ದೇ ಇದ್ದಿದ್ದನ್ನ ಬಿಟ್ಯಾ, ಇದೆಲ್ಲಾ ಕೇಳ್ತಾರೆ. ಟೂಲ್ ಓಡಿಸೋಕೆ ಮುಂಚೇನೇ ಆಯ್ಕೆ ರೂಲ್ ಬರೆದಿಡು. ಆಮೇಲೆ ಟೂಲ್ ಕೊಟ್ಟ ಒಂದೊಂದು ವಾರ್ನಿಂಗೂ ನಿಜಾನಾ ಸುಳ್ಳಾ ಅಂತ ನೀನೊಬ್ನೇ ಕೂತು ಟಿಕ್ ಹಾಕಿದ್ರೆ ಯಾರೂ ನಂಬಲ್ಲ, ಇನ್ನೊಬ್ಬನ ಕೈಲಿ ಬೇರೆ ಹಾಕ್ಸು, ಎಲ್ಲಿ ಇಬ್ರಿಗೂ ಹೊಂದ್ಲಿಲ್ಲ ಅಂತ ಪೇಪರಲ್ಲೇ ಹೇಳು. ಮರ್ಜ್ ಆದ ಪುಲ್ ರಿಕ್ವೆಸ್ಟ್‌ಗೆ ಇರೋ ಬೆಲೆ ಬೇರೆ ಯಾವುದಕ್ಕೂ ಇಲ್ಲ, ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್ "ಇದು ಬಗ್ ಅಲ್ವೇ ಅಲ್ಲ" ಅಂತ ಕ್ಲೋಸ್ ಮಾಡಿದ್ದನ್ನೂ ಮುಚ್ಚಿಡ್ಬೇಡ.

"ಜಿಕ್ಯಾಚ್‌ಗಿಂತ ಇಷ್ಟು ಫಾಸ್ಟು" ಅಂತ ಬರೆಯೋ ಆಸೆ ಇದ್ರೆ ಹುಷಾರು. 2009ರ ಆಸ್ಪ್ಲಾಸ್‌ನಲ್ಲಿ ಒಂದು ಪೇಪರ್ ಇದೆ, ಬರೀ ಎನ್ವಿರಾನ್‌ಮೆಂಟ್ ವೇರಿಯಬಲ್‌ನ (ಯೂಸರ್‌ನೇಮ್ ಥರದ ಸಿಸ್ಟಮ್ ಸೆಟ್ಟಿಂಗ್‌ಗಳು) ಸೈಜ್ ಬದಲಾಯ್ಸಿದ್ರೆ ಅದೇ ಪ್ರೋಗ್ರಾಂನ ಸ್ಪೀಡ್ ಹೆಚ್ಚುಕಮ್ಮಿ ಆಗತ್ತೆ ಅಂತ ತೋರಿಸಿದಾರೆ, ಯಾಕಂದ್ರೆ ಅವು ಮೆಮೊರಿಯ ಸ್ಟ್ಯಾಕ್ ಅನ್ನೋ ಭಾಗದ ಮೇಲ್ಗಡೆ ಕೂತ್ಕೊಳ್ಳತ್ತೆ, ಸ್ಟ್ಯಾಕ್ ಶುರುವಾಗೋ ಜಾಗ ಅತ್ತಿತ್ತ ಸರಿಯತ್ತೆ, ಅಲೈನ್‌ಮೆಂಟ್ ತಪ್ಪತ್ತೆ. ಅಂದ್ರೆ ನಿನ್ನ ಯೂಸರ್‌ನೇಮ್ ಉದ್ದ ಇದ್ರೆ ರಿಸಲ್ಟ್ ಬೇರೆ ಬರ್ಬೋದು! ಹತ್ತು ಪರ್ಸೆಂಟ್ ಒಳಗಿನ ಡಿಫರೆನ್ಸ್‌ನ ದೊಡ್ಡದು ಮಾಡ್ಕೊಂಡು ಕುಣೀಬೇಡ.

---

ಚಾನೆಲ್_ಚಂದ್ರು

ಎಲ್ರಿಗೂ ಥ್ಯಾಂಕ್ಸ್, ಜಿಕ್ಯಾಚ್ ಈಗ್ಲೇ ಓದ್ತಾ ಕೂತೆ. ನನ್ನದು ಎರಡನೇ ಥರದ ಕ್ಲೇಮೇ ಅನ್ಸತ್ತೆ. ಕಾಂಟೆಕ್ಸ್ಟ್ (ಕೆಲ್ಸ ನಿಲ್ಸಿ ಅಂತ ಗೊರೂಟೀನ್‌ಗಳಿಗೆ ತಿಳಿಸೋ ಗೋ ವ್ಯವಸ್ಥೆ) ಕ್ಯಾನ್ಸಲ್ ಆದಾಗ ಏನಾಗತ್ತೆ ಅನ್ನೋದನ್ನ, ಕ್ಯಾನ್ಸಲ್ ಎಷ್ಟೋ ಫಂಕ್ಷನ್ ದಾಟಿ ಬಂದ್ರೂ, ನನ್ನ ಟೂಲ್ ಹಿಂಬಾಲಿಸತ್ತೆ, ವ್ಯತ್ಯಾಸ ಇರೋದು ಅಲ್ಲಿ ಅನ್ಕೊಂಡಿದೀನಿ. ಆದ್ರೆ ಡಬಲ್ ಬ್ಲೈಂಡ್ ಅಂದ್ರೆ ನನ್ನ ಗಿಟ್‌ಹಬ್ ರೆಪೊ ಆಗ್ಲೇ ಪಬ್ಲಿಕ್ ಇದೆಯಲ್ಲ, ಪುಲ್ ರಿಕ್ವೆಸ್ಟ್‌ಗಳಲ್ಲೂ ನನ್ನ ಹೆಸರೇ ಇದೆ. ಡಿಲೀಟ್ ಮಾಡ್ಲಾ? ಆರ್ಕೈವ್‌ಗೆ (arXiv, ರಿವ್ಯೂಗೆ ಮುಂಚೇನೇ ಪೇಪರ್ ಎಲ್ರಿಗೂ ಕಾಣೋ ಹಾಗೆ ಹಾಕೋ ವೆಬ್‌ಸೈಟ್) ಹಾಕ್ಬಿಡು ಅಂತ ಒಬ್ಬ ಫ್ರೆಂಡ್ ಹೇಳ್ತಿದಾನೆ.

---

ಲ್ಯಾಂಬ್ಡಾ_ಲಲಿತ

ಅಯ್ಯೋ ಡಿಲೀಟ್ ಮಾಡ್ಬೇಡಿ. ರೂಲ್ ಇರೋದು ನೀವು ಭೂಗತ ಆಗ್ಬೇಕು ಅಂತಲ್ಲ, ಪೇಪರ್ ಓದೋವಾಗ ನಿಮ್ಮ ಗುರುತು ಕಣ್ಣಿಗೆ ರಾಚಬಾರ್ದು ಅಂತ. ರಿವ್ಯೂವರ್‌ಗಳಿಗೂ ಲೇಖಕರು ಯಾರು ಅಂತ ಹುಡ್ಕೋಕೆ ಹೋಗ್ಬೇಡಿ ಅಂತ ಹೇಳಿರ್ತಾರೆ. ಈ ಕಾನ್ಫರೆನ್ಸ್‌ಗಳ ಹಿಂದಿರೋ ಕಂಪ್ಯೂಟಿಂಗ್ ಸಂಘ ಎಸಿಎಂನ ಟೆಂಪ್ಲೇಟಲ್ಲಿ ರಿವ್ಯೂ, ಅನಾನಿಮಸ್ ಅಂತ ಎರಡು ಆಪ್ಷನ್ ಹಾಕಿದ್ರೆ ಹೆಸರು ತಾನೇ ಮರೆಯಾಗತ್ತೆ. ಪುಲ್ ರಿಕ್ವೆಸ್ಟ್‌ಗೆ ಲಿಂಕ್ ಕೊಡದೆ ಪ್ರಾಜೆಕ್ಟ್ ಹೆಸರು, ಎಷ್ಟು ಒಪ್ಪಿದ್ರು ಅಂತ ಟೇಬಲ್ ಕೊಟ್ರೆ ಸಾಕು.

ಆದ್ರೆ ಸಪ್ಲಿಮೆಂಟರಿ ಅಂತ ಕೋಡ್ ಜಿಪ್ ಮಾಡಿ ಕಳಿಸ್ತೀರಲ್ಲ, ಗೋ ಬರೆಯೋರು ಸಿಕ್ಕಾಕ್ಕೊಳ್ಳೋದೇ ಅಲ್ಲಿ. ಗೋ-ಮಾಡ್ (go.mod) ಫೈಲಿನ ಮೊದಲನೇ ಸಾಲಲ್ಲೇ ಮಾಡ್ಯೂಲ್ ಪಾತ್ ಇರತ್ತೆ, ಅದರಲ್ಲಿ ನಿಮ್ಮ ಗಿಟ್‌ಹಬ್ ಯೂಸರ್‌ನೇಮು! ಅದೊಂದು ಬದಲಾಯ್ಸಿದ್ರೆ ಮುಗೀಲಿಲ್ಲ, ಒಳಗಿನ ಪ್ಯಾಕೇಜ್‌ನ ಇಂಪೋರ್ಟ್ ಮಾಡಿರೋ ಪ್ರತಿ ಫೈಲಲ್ಲೂ ಅದೇ ಪಾತ್. ಡಾಟ್-ಗಿಟ್ ಫೋಲ್ಡರ್ ಜಿಪ್ ಒಳಗೆ ಹೋದ್ರಂತೂ ಕಮಿಟ್ ಲಾಗ್ ಪೂರ್ತಿ ಹೆಸರು, ಇಮೇಲ್ ಸಮೇತ. ಎಲ್ಲಾ ಆದ್ಮೇಲೆ ನಿಮ್ಮ ಹೆಸರು, ಕಂಪನಿ ಹೆಸರು ಎರಡನ್ನೂ ಜಿಪ್ ಬಿಚ್ಚಿ ಗ್ರೆಪ್ ಮಾಡಿ (ಎಲ್ಲಾ ಫೈಲಲ್ಲೂ ಹುಡುಕಿ) ನೋಡಿ ಕಳಿಸಿ.

ಆರ್ಕೈವ್‌ಗೆ ಹಾಕೋದಕ್ಕೆ ಈ ಕಾನ್ಫರೆನ್ಸ್‌ಗಳಲ್ಲಿ ಸಾಮಾನ್ಯವಾಗಿ ಅಡ್ಡಿ ಇಲ್ಲ, ಆದ್ರೂ ಆ ವರ್ಷದ ಕಾಲ್ ಫಾರ್ ಪೇಪರ್ಸ್ (ಪೇಪರ್ ಕಳಿಸಿ ಅನ್ನೋ ಆಹ್ವಾನ, ರೂಲ್‌ಗಳ ಸಮೇತ) ಓದಿ. ಹಾಕಿ, ಆದ್ರೆ ರಿವ್ಯೂ ನಡೀತಿರೋವಾಗ ಲಿಂಕ್ಡ್‌ಇನ್‌ನಲ್ಲಿ ಡಂಗುರ ಹೊಡೀಬೇಡಿ.

---

ಗಿರಿನಗರ_ಗ್ಡಿಬಿ

ಮೇಡಂ, ಇದೊಂದು ನಾನು ಒಪ್ಪಲ್ಲ. ದೊಡ್ಡ ಗ್ರೂಪ್‌ನೋರು ಆರ್ಕೈವ್‌ಗೆ ಹಾಕಿದ್ರೆ ಎಲ್ರಿಗೂ ಗೊತ್ತಾಗಿ ಅವ್ರಿಗೆ ಲಾಭ, ನಮ್ಮಂಥೋರಿಗೆ ಬ್ಲೈಂಡ್ ಅನ್ನೋದೇ ರಕ್ಷಣೆ, ಅದನ್ನ ನಾವೇ ಯಾಕೆ ತೆಗೆದು ಹಾಕ್ಬೇಕು? ಚಂದ್ರು, ರಿಸಲ್ಟ್ ಬರೋವರ್ಗೂ ಸುಮ್ನಿರು.

---

ಲ್ಯಾಂಬ್ಡಾ_ಲಲಿತ

ಆ ಭಯ ಸುಳ್ಳಲ್ಲ ಗ್ಡಿಬಿ. ಆದ್ರೆ ಗೋ ಲೀಕ್ ಬಗ್ಗೆ ಈಗ ಎಷ್ಟೋ ಜನ ಕೆಲ್ಸ ಮಾಡ್ತಿದಾರೆ, ಇವ್ರ ಪೇಪರ್ ಒಂದ್ಸಲ ರಿಜೆಕ್ಟ್ ಆಗಿ ಇನ್ನೊಂದು ಕಡೆ ಹೋಗೋ ಹೊತ್ತಿಗೆ ಇದೇ ಐಡಿಯಾ ಬೇರೆಯವ್ರು ಪಬ್ಲಿಶ್ ಮಾಡಿದ್ರೆ? ಆರ್ಕೈವ್‌ನಲ್ಲಿ ತಾರೀಕಾದ್ರೂ ಇರತ್ತೆ. ಚಂದ್ರು ಅವ್ರೇ ತೀರ್ಮಾನ ಮಾಡ್ಲಿ.

ಡೆಡ್‌ಲೈನ್ ಲೆಕ್ಕ ಯಾರೂ ಹೇಳ್ಲಿಲ್ಲ ನೋಡಿ. ಪಾಪಲ್ ನಡೆಯೋದು ಜನವರಿ, ಕಳಿಸೋದು ಅದರ ಹಿಂದಿನ ಜುಲೈ. ಪಿಎಲ್‌ಡಿಐ ಜೂನ್, ಕಳಿಸೋದು ನವೆಂಬರ್. ಊಪ್ಸ್ಲಾಗೆ ಈಗ ವರ್ಷಕ್ಕೆ ಎರಡು ರೌಂಡು, ನಿಮಗೆ ಇದೇ ಒಳ್ಳೇದು ಅಂತೀನಿ. ಯಾಕಂದ್ರೆ ಅಲ್ಲಿ ಬರೀ ಅಕ್ಸೆಪ್ಟ್, ರಿಜೆಕ್ಟ್ ಅಲ್ಲ, ಮೇಜರ್ ರಿವಿಷನ್ ಅಂತಾನೂ ಇದೆ, ಏನು ಸರಿ ಮಾಡ್ಬೇಕು ಅಂತ ಪಟ್ಟಿ ಕೊಡ್ತಾರೆ, ಮಾಡಿ ಮುಂದಿನ ರೌಂಡಿಗೆ ತಂದ್ರೆ ಆದಷ್ಟೂ ಅದೇ ರಿವ್ಯೂವರ್‌ಗಳೇ ನೋಡ್ತಾರೆ. ಗೈಡ್ ಇಲ್ಲದವರಿಗೆ ಆ ಪಟ್ಟೀನೇ ಗೈಡು. ಪೇಜ್ ಲಿಮಿಟ್ ಇತ್ತೀಚೆಗೆ ಊಪ್ಸ್ಲಾಗೆ 23, ಪಾಪಲ್‌ಗೆ 25, ಪಿಎಲ್‌ಡಿಐಗೆ 20, ರೆಫರೆನ್ಸ್ ಬಿಟ್ಟು. ಮೀರಿದ್ರೆ ಓದದೇನೇ ವಾಪಸ್ ಕಳಿಸ್ತಾರೆ.

ಡೆಡ್‌ಲೈನ್ ಪಕ್ಕ ಎಒಇ ಅಂತ ಹಾಕಿರ್ತಾರೆ, ಭೂಮಿ ಮೇಲೆ ಎಲ್ಲೇ ಆದ್ರೂ ಆ ದಿನ ಇನ್ನೂ ಮುಗಿದಿಲ್ಲ ಅನ್ನೋವರ್ಗೂ ಟೈಮಿದೆ ಅಂತ ಅರ್ಥ, ಯುಟಿಸಿ ಮೈನಸ್ 12. 10ನೇ ತಾರೀಕು ರಾತ್ರಿ 11:59 ಅಂದ್ರೆ ನಮಗೆ 11ನೇ ತಾರೀಕು ಸಂಜೆ 5:29. ಪೇಪರ್ ಸಲ್ಲಿಸೋ ವೆಬ್‌ಸೈಟ್ ಹಾಟ್‌ಸಿಆರ್‌ಪಿಗೆ ಎರಡು ದಿನ ಮುಂಚೇನೇ ಒಂದು ಡ್ರಾಫ್ಟ್ ಹಾಕಿಡಿ, ಕೊನೇ ಗಳಿಗೇವರ್ಗೂ ಬದಲಾಯಿಸ್ಬೋದು.

ರಿವ್ಯೂ ಬಂದ್ಮೇಲೆ ಉತ್ತರ ಕೊಡೋಕೆ ಕೆಲವೇ ದಿನ ಕೊಡ್ತಾರೆ, ಆ ವಾರ ಆಫೀಸಲ್ಲಿ ಆನ್‌ಕಾಲ್ ಡ್ಯೂಟಿ ಹಾಕ್ಸ್ಕೋಬೇಡಿ. ಪಿಎಲ್‌ನಲ್ಲಿ ಎ ಬಿ ಸಿ ಡಿ ಅಂತ ಸ್ಕೋರ್ ಕೊಡೋ ಹಳೇ ಪದ್ಧತಿ ಇದೆ. ಎ ಅಂದ್ರೆ ಈ ಪೇಪರ್ ಪರವಾಗಿ ಮೀಟಿಂಗಲ್ಲಿ ನಾನು ವಾದ ಮಾಡ್ತೀನಿ ಅಂತ, ಡಿ ಅಂದ್ರೆ ಬೇಡ್ವೇ ಬೇಡ ಅಂತ ವಾದ ಮಾಡ್ತೀನಿ ಅಂತ. ಎಲ್ರೂ ಬಿ ಕೊಟ್ರೆ ಚೆನ್ನಾಗಿದೆ ಅನ್ಸತ್ತೆ, ಆದ್ರೆ ಪರ ನಿಲ್ಲೋರೇ ಇಲ್ಲದೆ ಬಿದ್ದು ಹೋಗ್ಬೋದು. ಹಾಗಾಗಿ ಉತ್ತರ ಬರೆಯೋವಾಗ ಡಿ ಕೊಟ್ಟೋರ ಜೊತೆ ಗುದ್ದಾಡೋದಕ್ಕಿಂತ, ನಿಮ್ಮ ಪೇಪರ್ ಇಷ್ಟಪಟ್ಟವ್ರ ಕೈಗೆ ವಾದ ಮಾಡೋಕೆ ಸರಕು ಕೊಡಿ.

---

ಹುಬ್ಬಳ್ಳಿ_ಹೀಪ್

ದುಡ್ಡಿಂದು ಯಾರೂ ಹೇಳಲಿಲ್ಲಲ್ರೀ, ನಾ ಹೇಳ್ತೇನಿ.

ಪಾಪಲ್, ಪಿಎಲ್‌ಡಿಐ, ಊಪ್ಸ್ಲಾ, ಐಸಿಎಫ್‌ಪಿ ಪೇಪರ್ ಎಲ್ಲಾ ಈಗ ಪಿಎಸಿಎಂಪಿಎಲ್ ಅನ್ನೋ ಎಸಿಎಂ ಜರ್ನಲ್‌ನ್ಯಾಗ ಬರ್ತಾವ್ರಿ, 2017ರಾಗ ಚಾಲೂ ಆದದ್ದು, ಪಿಎಲ್‌ಡಿಐ ಅಷ್ಟ 2023ಕ್ಕ ಬಂದು ಕೂಡಿಕೊಂಡತು. ಓಪನ್ ಆಕ್ಸೆಸ್ ಐತಿ, ಯಾರು ಬೇಕಾದ್ರೂ ಪುಕ್ಕಟೆ ಓದಬಹುದು, ಹಂಗಾಗಿ ಅಕ್ಸೆಪ್ಟ್ ಆದಮ್ಯಾಲ ಪಬ್ಲಿಕೇಶನ್ ಚಾರ್ಜ್ ಅಂತ ಒಂದು ಇರತೈತಿ, ನಿಮ್ಮ ಸಂಸ್ಥೆ ಎಸಿಎಂ ಓಪನ್ (ಸಂಸ್ಥೆಗಳು ಎಸಿಎಂ ಜೋಡಿ ಮಾಡ್ಕೊಳ್ಳೂ ಒಪ್ಪಂದ) ಒಳಗ ಇತ್ತಂದ್ರ ಅದು ಬೀಳೂದಿಲ್ಲ, ಕಂಪನಿಯವರದು ಬಹುತೇಕ ಇರೂದಿಲ್ಲ. ಲೀಗಲ್ ಪರ್ಮಿಷನ್ ಕೇಳು ಮುಂದ ಇದನ್ನೂ, ರಜಿಸ್ಟ್ರೇಶನ್ನೂ, ವಿಮಾನದ ಖರ್ಚೂ ಕೂಡಿಸಿ ಒಮ್ಮೆಲೇ ಕೇಳಿಬಿಡ್ರಿ. ಮ್ಯಾನೇಜರ್ ಬೆನ್ನು ಹತ್ಯಾರಲ್ಲ, ಬಜೆಟ್ಟೂ ಅವರ ಕಡೆಯಿಂದನ ತಗೀಸ್ರಿ. ಸ್ಟೂಡೆಂಟ್ಸ್ ಆಗಿದ್ರ ಪ್ರಯಾಣದ ಖರ್ಚಿಗೆ ಎಸಿಎಂನ ಪಿಎಲ್ ವಿಭಾಗ ಸಿಗ್‌ಪ್ಲಾನ್‌ದ ಪ್ಯಾಕ್ ಅನ್ನೂ ನೆರವು ಐತಿ, ಎಸಿಎಂ ಇಂಡಿಯಾ ಐಎಆರ್‌ಸಿಎಸ್ ಟ್ರಾವೆಲ್ ಗ್ರ್ಯಾಂಟ್ ಐತಿ, ನೌಕರಿ ಮಾಡಾವ್ರಿಗೆ ಅದರಾಗ ಹೆಚ್ಚಿಗಿ ಆಸೆ ಇಟ್ಕೋಬ್ಯಾಡ್ರಿ.

ವೀಸಾದ ಹಣೇಬರಹ ಬ್ಯಾರೆ. ಕಾನ್ಫರೆನ್ಸ್ ಅಮೆರಿಕಾದಾಗ ಇತ್ತಂದ್ರ, ಬೆಂಗಳೂರಾಗ ಕಾನ್ಸುಲೇಟ್ 2025ರ ಜನವರಿಗೆ ಉದ್ಘಾಟನೆ ಆತು ಖರೆ, ಆದ್ರ ವೀಸಾ ಕೆಲಸ ಆವಾಗ ಚಾಲೂ ಮಾಡಲಿಲ್ಲ, ಇಂಟರ್ವ್ಯೂಕ್ಕ ಚೆನ್ನೈಕ್ಕರ ಹೈದರಾಬಾದಕ್ಕರ ಓಡೂದ ಆತು. ಕಾಲ್ ಬರೂ ಮುಂದ ಊರು ಯಾವುದು ಅಂತ ನೋಡಿಕೊಂಡ ಕಳಸ್ರಿ. ಈ ಸಮ್ಮೇಳನ ವರ್ಷಾ ವರ್ಷಾ ಊರು ಬದಲಿ ಮಾಡ್ತಾವ, ಪಿಎಲ್‌ಡಿಐ 2024ಕ್ಕ ಕೋಪನ್‌ಹೇಗನ್ ಇತ್ತು, 2025ಕ್ಕ ಸಿಯೋಲ್. ಐಸಿಎಫ್‌ಪಿ, ಊಪ್ಸ್ಲಾ ಎರಡೂ ಕೂಡೇ 2025ಕ್ಕ ಸಿಂಗಾಪುರದಾಗ ಆದ್ವು, ನಮ್ಮವರಿಗೆ ಅದು ಭಾಳ ಅನುಕೂಲ ಆಗಿತ್ತು.

---

ಚಾಕ್‌ಪೀಸ್_ಮೇಷ್ಟ್ರು

ಒಂದು ಸೇರಿಸ್ತೀನಿ. ನೇರವಾಗಿ 23 ಪೇಜ್ ಬರೆಯೋಕೆ ಧೈರ್ಯ ಸಾಲದಿದ್ರೆ ಪಿಎಲ್‌ಡಿಐ ಜೊತೆ ಸೋಪ್ ಅಂತ ಪ್ರೋಗ್ರಾಂ ಅನಾಲಿಸಿಸ್ ವರ್ಕ್‌ಶಾಪ್ ನಡೆಯತ್ತೆ, ಚಿಕ್ಕ ಪೇಪರ್ ತಗೋತಾರೆ. ಅಲ್ಲಿ ಹಾಕಿದ ಚಿಕ್ಕ ಪೇಪರ್ ಆಮೇಲೆ ಹಿಗ್ಗಿಸಿ ದೊಡ್ಡ ಕಡೆ ಕಳಿಸ್ಬೋದಾ ಅನ್ನೋದನ್ನ ಮಾತ್ರ ಎರಡೂ ಕಡೆ ರೂಲ್ ಓದಿ ಖಚಿತ ಮಾಡ್ಕೊಳಿ.

---

ಗಿರಿನಗರ_ಗ್ಡಿಬಿ

ಚಂದ್ರು, ಆರ್ಟಿಫ್ಯಾಕ್ಟ್ ಬಗ್ಗೆ ಈಗಿಂದ್ಲೇ ಯೋಚ್ನೆ ಮಾಡು. ಅಕ್ಸೆಪ್ಟ್ ಆದ್ಮೇಲೆ ಟೂಲ್, ಡೇಟಾ ಎಲ್ಲಾ ಡಾಕರ್ ಇಮೇಜಲ್ಲಿ (ಬೇಕಾದ್ದೆಲ್ಲಾ ಸೇರಿಸಿ ಬೇರೆ ಕಂಪ್ಯೂಟರಲ್ಲೂ ಓಡೋ ಪ್ಯಾಕೇಜು) ಕಟ್ಟಿ ಕೊಡ್ಬೋದು, ಬೇರೆ ಕಮಿಟಿಯೋರು ಓಡಿಸಿ ನೋಡಿ ಬ್ಯಾಡ್ಜ್ ಕೊಡ್ತಾರೆ. ಬೇಸ್ ಇಮೇಜು, ಗೋ ವರ್ಷನ್ನು, ಟೆಸ್ಟ್ ಮಾಡಿದ ಪ್ರತಿ ಪ್ರಾಜೆಕ್ಟಿನ ಕಮಿಟ್ ಹ್ಯಾಶು, ಎಲ್ಲಾ ಪಿನ್ ಮಾಡು, ಅಂದ್ರೆ ಇದೇ ವರ್ಷನ್ ಅಂತ ಬದಲಾಗದ ಹಾಗೆ ಕಟ್ಟಿಹಾಕು. ನಿನ್ನ ಪುಲ್ ರಿಕ್ವೆಸ್ಟ್ ಮರ್ಜ್ ಆದ್ಮೇಲೆ ಲೇಟೆಸ್ಟ್ ಕೋಡ್ ಎಳ್ಕೊಂಡು ಓಡಿಸಿದ್ರೆ ಆ ಬಗ್ ಕಾಣೋದೇ ಇಲ್ಲ, ಆಗ "ಟೇಬಲ್‌ನಲ್ಲಿರೋ ಬಗ್ ಎಲ್ಲಿ" ಅಂತ ಕೇಳ್ತಾರೆ. ಅಂದಹಾಗೆ ಆ ಕಮಿಟಿಗೆ ನಾವೇ ಹೆಸರು ಕೊಡ್ಬೋದು, ಎಷ್ಟೋ ಕಡೆ ಫಾರ್ಮ್ ಬಿಡ್ತಾರೆ. ಬೇರೆಯವ್ರ ಆರ್ಟಿಫ್ಯಾಕ್ಟ್ ಓಡ್ಸಿ ನೋಡಿದ್ರೆ ನಿನ್ನದು ಹೆಂಗಿರ್ಬೇಕು ಅಂತ ತಾನೇ ತಿಳಿಯತ್ತೆ.

---

ಚಾನೆಲ್_ಚಂದ್ರು

ಸರಿ, ಊಪ್ಸ್ಲಾನೇ ಅಂತ ಮಾಡ್ತೀನಿ, ಆರ್ಕೈವ್ ಸದ್ಯಕ್ಕೆ ಬೇಡ. ಲೀಗಲ್‌ಗೆ ಮೇಲ್ ಈಗ್ಲೇ ಹಾಕ್ದೆ, ಮ್ಯಾನೇಜರ್‌ನ ಸಿಸಿ ಇಟ್ಟು. ಇನ್ನು ಜಿಕ್ಯಾಚ್‌ನ ನಾನು ಆರಿಸಿದ ಪ್ರಾಜೆಕ್ಟ್‌ಗಳ ಮೇಲೇ ಓಡಿಸ್ಬೇಕು, ಆ ಟೂಲ್ ಬಂದಿದ್ದು ಗೋಗೆ ಜೆನೆರಿಕ್ಸ್ (ಒಂದೇ ಕೋಡ್‌ನ ಹಲವು ಟೈಪ್‌ಗೆ ಬಳಸೋ ಸೌಲಭ್ಯ) ಬರೋಕೆ ಮುಂಚೆ, ಈಗಿನ ಕೋಡೆಲ್ಲಾ ಜೆನೆರಿಕ್ಸ್ ಬಂದ ಗೋ 1.18 ಆದ್ಮೇಲಿಂದು. ಹಳೇ ಕಮಿಟ್‌ಗಳ ಮೇಲೆ ಎರಡೂ ಟೂಲ್ ಓಡಿಸಿ ಹೋಲಿಸಿದ್ರೆ ರಿವ್ಯೂವರ್ ಒಪ್ತಾರಾ?

---

ಲ್ಯಾಂಬ್ಡಾ_ಲಲಿತ

ಒಪ್ತಾರೆ. ಎರಡು ಭಾಗ ಮಾಡಿ: ಜಿಕ್ಯಾಚ್ ಪೇಪರಲ್ಲಿ ಬಳಸಿದ ಪ್ರಾಜೆಕ್ಟ್‌ಗಳ ಆಗಿನ ವರ್ಷನ್ ಮೇಲೆ ಎರಡೂ ಟೂಲ್, ಈಗಿನ ಕೋಡ್ ಮೇಲೆ ನಿಮ್ಮದೊಂದೇ. ಮೊದಲನೇದರಲ್ಲಿ ಅವ್ರು ಹಿಡಿದು ನೀವು ಬಿಟ್ಟ ಬಗ್ ಇದ್ರೆ ಯಾಕೆ ಬಿಟ್ರಿ ಅಂತ ಒಂದೊಂದಕ್ಕೂ ಕಾರಣ ಬರೀರಿ. ನಾನು ರಿವ್ಯೂ ಮಾಡೋವಾಗ ಮೊದ್ಲು ತೆಗೆದು ಓದೋದು ಆ ಪ್ಯಾರಾನೇ. ಡ್ರಾಫ್ಟ್ ಆದ್ಮೇಲೆ ಮೆಸೇಜ್ ಮಾಡಿ, ಇಂಟ್ರೊಡಕ್ಷನ್ ಓದಿ ಕೊಡ್ತೀನಿ, ಪೂರ್ತಿ ಓದೋಕೆ ಟೈಮ್ ಸಿಗಲ್ಲ.